ಪದಚರ್ಚೆ: ಬೇಸಗೆಯ ಕಾಡುಹೂ, ಆಕ್ರಿಲಿಕ್ (ಚಿತ್ರಪ್ರದರ್ಶನದ ಫಲಕಕ್ಕೆ)

ರಸ್ತೆಬದಿಯ ಹೂಗಳ ಆಕ್ರಿಲಿಕ್ ಚಿತ್ರಗಳ ಪ್ರದರ್ಶನಕ್ಕೆ ಫಲಕದಲ್ಲಿ ಕನ್ನಡದಲ್ಲಿ ಏನು ಬರೆಯಿಸಬೇಕು ಎಂದು ಕೇಳಿದ್ದೀರಿ; 'ವನ್ಯಪುಷ್ಪ', 'ಕಾಡುಪುಷ್ಪ', 'ಗ್ರೀಷ್ಮ', 'ಕೃತಕವರ್ಣ', 'ಜಲವರ್ಣ' ಎಂಬ ಸಲಹೆಗಳೂ ಬಂದಿವೆ. ಫಲಕ ನಾಳೆಯೇ ಅಚ್ಚಿಗೆ ಹೋಗಬೇಕಾಗಿರುವುದರಿಂದ ಮೊದಲು ಉತ್ತರ: 'ಬೇಸಗೆಯ ಕಾಡುಹೂಗಳು. ಆಕ್ರಿಲಿಕ್ ಬಣ್ಣ, ಕ್ಯಾನ್ವಾಸ್.' ಹೀಗೆ ಬರೆಯಿಸಿ. 'ಕ್ಯಾನ್ವಾಸಿನ ಮೇಲೆ ಆಕ್ರಿಲಿಕ್' ಎಂಬುದು ಇಂಗ್ಲಿಷಿನ ನೆರಳು, ಬೇಡ.

'ವನ್ಯಪುಷ್ಪ'ದಲ್ಲಿ ವ್ಯಾಕರಣದೋಷವಿಲ್ಲ, ಆದರೆ ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಎಕ್ಕವನ್ನೂ ತಂಗಡಿಯನ್ನೂ ಕಂಡು ಬರೆದ ಚಿತ್ರಗಳಿಗೆ ಆ ಮಾತು ಹೊಂದುವುದಿಲ್ಲ. 'ಕಾಡುಪುಷ್ಪ' ಅರಿಸಮಾಸ, ಎಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಒಗ್ಗದ ಸಮಾಸ; ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನ ಕಾಲದಿಂದ ಇತ್ಯರ್ಥವಾಗಿರುವ ವಿಷಯವನ್ನು ಮತ್ತೆ ಎತ್ತಬಾರದು. ಹೂಗಳು ರಸ್ತೆಬದಿಯವು, ಕಾಡಿನವಲ್ಲ, ಆದ್ದರಿಂದ 'ಕಾಡುಹೂ' ಸಲ್ಲದು ಎಂಬ ಆಕ್ಷೇಪ ಇನ್ನೂ ದುರ್ಬಲ. 'ಕಾಡು' ಸಮಾಸದ ಮೊದಲ ಪದವಾಗಿ ನಿಂತಾಗ ಬರಿಯ ಸ್ಥಳವನ್ನು ಹೇಳುವುದಿಲ್ಲ, ಯಾರೂ ನೆಟ್ಟು ಸಾಕದ್ದು, ಕಟ್ಟುಪಾಡಿಗೆ ಒಳಗಾಗದ್ದು ಎಂಬ ಗುಣವನ್ನು ಹೇಳುತ್ತದೆ. ಕಾಡುಹರಟೆ ನಡೆಯುವುದು ಜಗುಲಿಯ ಮೇಲೆ. ಕಾಡುಬೆಕ್ಕು ಕಬ್ಬಿನ ಗದ್ದೆಯಲ್ಲೂ ಇರುತ್ತದೆ.

'ಬೇಸಗೆ'ಯ ಬದಲು 'ಗ್ರೀಷ್ಮ' ಎಂದವರು ಪಂಚಾಂಗ ನೋಡಲಿ. ಗ್ರೀಷ್ಮವೆಂದರೆ ಜ್ಯೇಷ್ಠ, ಆಷಾಢ. ಅಷ್ಟರಲ್ಲಿ ನಮ್ಮಲ್ಲಿ ಮುಂಗಾರು ಹಿಡಿದಿರುತ್ತದೆ. ಈ ಚಿತ್ರಗಳಲ್ಲಿರುವ ಮುತ್ತುಗ ಅರಳುವುದು ಅದಕ್ಕೆ ಬಹಳ ಮೊದಲು, ಕಕ್ಕೆ ತುಂಬಿ ನಿಲ್ಲುವುದು ಚೈತ್ರ, ವೈಶಾಖಗಳಲ್ಲಿ, ಎಂದರೆ ಶಾಸ್ತ್ರದ ಲೆಕ್ಕದಲ್ಲಿ ವಸಂತ. 'ಬೇ' ಧಾತುವಿನಿಂದ ಬಂದ 'ಬೇಸಗೆ' ಋತುಚಕ್ರದ ಹೆಸರಲ್ಲ, ಮೈಗೆ ತಿಳಿಯುವ ಸುಡುಗಾಲದ ಹೆಸರು. ಈ ಚಿತ್ರಗಳಲ್ಲಿರುವುದು ಆ ಕಾಲವೇ.

ಇನ್ನು ಆಕ್ರಿಲಿಕ್. 'ಕೃತಕವರ್ಣ' ಶುದ್ಧ ತಪ್ಪು. ಇಲ್ಲಿ ಕೃತಕವಾದದ್ದು ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು. ಪುಡಿ ನೆಲದಿಂದ ತೆಗೆದ ಕಾವಿಯೇ ಆಗಿರಬಹುದು. 'ಜಲವರ್ಣ'ವೂ ಆಗದು: ಜಲವರ್ಣವೆಂಬ ಗೋಂದಿನ ಬಣ್ಣ ಒಣಗಿದ ಮೇಲೂ ನೀರು ಸೋಕಿದರೆ ಕರಗುತ್ತದೆ, ಆಕ್ರಿಲಿಕ್ಕಿಗೆ ನೀರು ಬೆರೆಸಬಹುದಾದರೂ ನೀರು ಆರಿದೊಡನೆ ಅದು ಪದರವಾಗಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ತೈಲವರ್ಣವನ್ನು ಅದರ ಅಂಟಿನಿಂದಲೇ ಹೆಸರಿಸಿದ್ದೇವಲ್ಲ, ಅದೇ ಕ್ರಮ ಇಲ್ಲಿಯೂ ಸಾಕು. 'ಆಕ್ರಿಲಿಕ್' ಜೊತೆಗೆ 'ವರ್ಣ' ಬೇಡ; ಅನ್ಯದೇಶ್ಯಕ್ಕೆ, ಎಂದರೆ ಪರಭಾಷೆಯಿಂದ ಬಂದ ಪದಕ್ಕೆ, 'ವರ್ಣ'ದ ಕನ್ನಡ ತದ್ಭವವಾದ 'ಬಣ್ಣ'ವೇ ಒಗ್ಗುತ್ತದೆ.

ಎರವಲು ಪದ ಬಂದರೆ ಕನ್ನಡ ಕೆಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇದೇ ಚಿತ್ರಗಳಲ್ಲಿರುವ ಅರಿಸಿನ ದತ್ತೂರಿ ಮೆಕ್ಸಿಕೊ ಕಡೆಯ ಗಿಡ. ಬೇಲಿಬದಿಯಲ್ಲಿ ಬೇರೂರಿದ ಮೇಲೆ ನಮ್ಮ ಜನ ಅದಕ್ಕೆ ತಮ್ಮ ಮಾತಿನಲ್ಲೇ ಹೆಸರಿಟ್ಟರು. ಗಿಡ ಕಣ್ಣೆದುರು ಬೆಳೆಯುತ್ತಿತ್ತು, ಹೆಸರು ಹುಟ್ಟಿತು. ಬಣ್ಣದ ಕೊಳವೆಯನ್ನು ಬಳಸುವವರು ಮುಂದೆ ಬೇರೆ ಹೆಸರಿಟ್ಟರೆ ಅದನ್ನೂ ಸ್ವೀಕರಿಸೋಣ. ಕೋಶ ತೆರೆದು ಒಂದು ಸಂಜೆಯಲ್ಲಿ ಕಟ್ಟಿದ ಪದವನ್ನು ಫಲಕಕ್ಕೆ ಹೇರುವುದು ಬೇಡ.

ಒಂದೊಂದು ಚಿತ್ರದ ಪಕ್ಕದ ಹೆಸರುಚೀಟಿಗಳಲ್ಲಿ ಎಕ್ಕ, ಕಕ್ಕೆ, ಮುತ್ತುಗ ಎಂದೇ ಇರಲಿ. ಅವುಗಳ ಸಂಸ್ಕೃತ ಹೆಸರುಗಳಾದ ಅರ್ಕ, ಆರಗ್ವಧ, ಪಲಾಶ ಬೇಡ. ತಂಗಡಿಯನ್ನು ಆವರಿಕೆ ಎನ್ನುವವರೂ ನೋಡಲು ಬರುತ್ತಾರೆ, ಅಲ್ಲಿ ಮಾತ್ರ ಎರಡೂ ಹೆಸರು ಬರೆಯಿಸಿ.