ಹೆಲ್ಪ್ (HELLP) ಕಾಯಿಲೆ ಆದ ಮೇಲೆ ಎರಡನೇ ಬಸುರಿ: ಅನುಭವ ಇದ್ದವರು ಹೇಳಿ

ಬೈಂದೂರಿನವಳು: ಮೊದಲ ಹೆರಿಗೆ 33 ವಾರಕ್ಕೆ, ಹೆಲ್ಪ್ ಸಿಂಡ್ರೋಮ್ (ಬಸುರಿಯಲ್ಲಿ ಕೆಂಪು ರಕ್ತಕಣ ಒಡೆದು, ಲಿವರಿಗೆ ಪೆಟ್ಟಾಗಿ, ಪ್ಲೇಟ್‌ಲೆಟ್ ಇಳಿಯುವ ಕಾಯಿಲೆ) ಆಗಿ ತುರ್ತು ಸಿಸೇರಿಯನ್. ಪ್ಲೇಟ್‌ಲೆಟ್ 41 ಸಾವಿರಕ್ಕೆ ಇಳಿದಿತ್ತು. ಮಗಳು ಈಗ ಆರಾಮ. ಮತ್ತೆ 9 ವಾರ ಆಗಿದೆ. ಎರಡೇ ಪ್ರಶ್ನೆ. ಏಳು ತಿಂಗಳಾದ ಮೇಲೆ ಮಣಿಪಾಲದ ಆಸ್ಪತ್ರೆ ಹತ್ತಿರ ರೂಮ್ ಮಾಡುವುದಾ, ಬೈಂದೂರಿನಿಂದಲೇ ಓಡಾಡುವುದಾ? ಬಸುರಿಯಲ್ಲಿ ಬಿಪಿ ಏರಿ ತೊಂದರೆ ಆಗದ ಹಾಗೆ ಕೊಡುವ ಆಸ್ಪಿರಿನ್ ನಿಮಗೆಲ್ಲ ಯಾವಾಗ ಶುರು ಮಾಡಿದರು?

ಕಾಪು ಅಕ್ಕ: ನನ್ನ ಕತೆ ಕೇಳಿ. ವಿಟ್ಲಪಿಂಡಿ ದಿನ (ಕೃಷ್ಣಾಷ್ಟಮಿಯ ಮರುದಿನ), 31 ವಾರ. ಬೆಳಿಗ್ಗೆಯಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಭುಜದವರೆಗೆ. ಅಷ್ಟಮಿಯ ಚಕ್ಕುಲಿ ಹೆಚ್ಚಾಯ್ತು ಅಂತ ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು. ಸಂಜೆ ಒಂದು ಕಡೆ ತೋರಿಸಿದೆವು. ಬಿಪಿ 130/84. ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ರಾತ್ರಿ ಎರಡಕ್ಕೆ ವಾಂತಿ, ಮೂತ್ರ ಕಟ್ಟಾ ಚಹಾದ ಬಣ್ಣ. ಇನ್ನೊಂದು ಆಸ್ಪತ್ರೆಗೆ ಹೋಗುವಾಗ ಪ್ಲೇಟ್‌ಲೆಟ್ 58 ಸಾವಿರ, ಲಿವರ್ ಎಂಜೈಮ್ ಎಸ್‌ಜಿಒಟಿ 640, ರಕ್ತಕಣ ಒಡೆದರೆ ಏರುವ ಎಲ್‌ಡಿಎಚ್ 1,400, ಎರಡೂ ತುಂಬಾ ಜಾಸ್ತಿ.

ಫಿಟ್ಸ್ ಬರಬಾರದು ಅಂತ ಮೆಗ್ನೀಷಿಯಂ. ನರಕ್ಕೆ ಕೊಡುವಾಗ ಮೈಯೊಳಗೆ ಬೆಂಕಿ ಹರಿದ ಹಾಗೆ. ಆಮೇಲೆ ಸೊಂಟದ ಎರಡೂ ಕಡೆ ಚುಚ್ಚಿದರು, ಮತ್ತೆ ನಾಲ್ಕು ಗಂಟೆಗೊಮ್ಮೆ. ಹೆರಿಗೆ ನೋವು ಗೊತ್ತಿಲ್ಲ, ಆ ನೋವು ಗೊತ್ತು. ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ನಾಲ್ಕು ಡೋಸ್ ಆಗಬೇಕಿತ್ತು, ಎರಡೇ ಆಯಿತು. ಪ್ಲೇಟ್‌ಲೆಟ್ ಕಡಿಮೆ ಅಂತ ಬೆನ್ನಿಗೆ ಅರಿವಳಿಕೆ ಕೊಡದೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸಿದರು. ಮಗ ಅತ್ತದ್ದು ನಾನು ಕೇಳಲೇ ಇಲ್ಲ. ಅವನ ಮುಖ ನೋಡಿದ್ದು ಐದನೇ ದಿನ, ಅದೂ ಗಾಜಿನ ಆಚೆಯಿಂದ.

ಲೆಕ್ಕ ಬಾಯಿಪಾಠ ಉಂಟು. ಆಪರೇಷನ್ ಮತ್ತು ಐಸಿಯು 1,38,000. ಎನ್‌ಐಸಿಯು (ಹಸುಗೂಸುಗಳ ಐಸಿಯು) ದಿನಕ್ಕೆ 8,500, 26 ದಿನ, 2,21,000. ಮಗುವಿನ ಶ್ವಾಸಕೋಶ ಬಿಚ್ಚಿಕೊಳ್ಳಲಿಕ್ಕೆ ಕೊಡುವ ಸರ್ಫ್ಯಾಕ್ಟಂಟ್ ಔಷಧ 16,000. ಒಟ್ಟು 3,75,000. ಇನ್ಶೂರೆನ್ಸ್‌ನವರು ಹೆರಿಗೆ ಲೆಕ್ಕದಲ್ಲಿ 50,000 ಕೊಟ್ಟು ಕೈತೊಳೆದುಕೊಂಡರು. ಮಗುವಿಗೆ 90 ದಿನ ಆಗದೆ ಕವರ್ ಇಲ್ಲವಂತೆ. ಕರಿಮಣಿ ಬಿಟ್ಟು ಉಳಿದ ಚಿನ್ನ ಎಲ್ಲ ಸೊಸೈಟಿಯಲ್ಲಿ ಅಡವಿಟ್ಟೆವು. ಬಳೆ ಇನ್ನೂ ಬಿಡಿಸಿಲ್ಲ.

ಬಂಟ್ವಾಳದ ಅಪ್ಪ: ನಮ್ಮದು ಜುಲೈ ತಿಂಗಳು. ಊರಿಗೆ ಊರೇ ಡೆಂಗ್ಯೂ. ಹೆಂಡತಿಗೆ ಪ್ಲೇಟ್‌ಲೆಟ್ 72 ಸಾವಿರ ಅಂದ ಕೂಡಲೇ ಎಲ್ಲರೂ ಡೆಂಗ್ಯೂ ಅಂದರು. ಜ್ವರ ಇರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಪಪ್ಪಾಯಿ ಎಲೆ ರಸ ಎರಡು ದಿನ ಕೊಟ್ಟೆವು. ಮೂರನೇ ದಿನ 29 ಸಾವಿರ. ರಕ್ತದ ಸ್ಮಿಯರ್ (ಗಾಜಿನ ಮೇಲೆ ಹಚ್ಚಿದ ರಕ್ತ) ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ ಗೊತ್ತಾದದ್ದು, ಕೆಂಪು ಕಣಗಳು ಒಡೆದು ಚೂರಾಗಿವೆ ಅಂತ.

ಆಮೇಲೆ ಪ್ಲೇಟ್‌ಲೆಟ್ ಓಟ. ಸಿಂಗಲ್ ಡೋನರ್, ಅಂದರೆ ಒಬ್ಬರಿಂದಲೇ ಮೆಷಿನ್‌ನಲ್ಲಿ ತೆಗೆದ ಪ್ಲೇಟ್‌ಲೆಟ್ ಬೇಕು ಅಂದರು, ಒಂದಕ್ಕೆ 11,000. ನಮ್ಮ ಹುಲಿವೇಷದ ತಂಡದ ಎಂಟು ಹುಡುಗರನ್ನು ಮಳೆಯಲ್ಲಿ ಮಂಗಳೂರಿಗೆ ಕರೆದುಕೊಂಡು ಬಂದೆ. ಒಬ್ಬ ಮೊನ್ನೆ ಮೊನ್ನೆ ಟ್ಯಾಟೂ ಹಾಕಿಸಿಕೊಂಡಿದ್ದ, ವಾಪಸ್. ಒಬ್ಬ ನಿನ್ನೆ ತಲೆನೋವಿಗೆ ಆಸ್ಪಿರಿನ್ ನುಂಗಿದ್ದ, ವಾಪಸ್. ಇಬ್ಬರಿಗೆ ನರ ಸಣ್ಣ. ಕೊನೆಗೆ ಇಬ್ಬರು ಪಾಸ್. ಮೆಷಿನ್ ಮುಂದೆ ಒಂದೂವರೆ ಗಂಟೆ ಮಲಗಿದರು. ಉಳಿದವರಿಗೆ ಬನ್ಸ್ ಕೊಡಿಸಿ ಕಳಿಸಿದೆ, ಅದಕ್ಕೂ 640 ಆಯಿತು.

ಸುರತ್ಕಲ್: ಬಸುರಿಗೆ ಪಪ್ಪಾಯಿ ಎಲೆ ರಸ ಕುಡಿಸಿದಿರಾ? ಅದೂ ಎರಡು ದಿನ? ಓದಿದವರಲ್ವಾ ನೀವು?

ಬಂಟ್ವಾಳದ ಅಪ್ಪ: ಹೌದು ಮಾರಾಯ್ರೇ, ಓದಿದವನೇ. ಹೆಂಡತಿ ಕಣ್ಣೆದುರು ಹಳದಿಯಾಗುವಾಗ ನಿಮ್ಮ ಓದು ಎಲ್ಲಿರುತ್ತದೆ ನೋಡುವ. ನಿಮ್ಮ ಮನೆಯಲ್ಲಿ ಆಗಿದೆಯಾ ಇದು?

ಸುರತ್ಕಲ್: ಆಗಿಲ್ಲ. ಆದರೆ ಡೆಂಗ್ಯೂಗೆ ಎನ್‌ಎಸ್1 ಟೆಸ್ಟ್ ಅಂತ ಒಂದು ಉಂಟು, ಅಷ್ಟು ನನಗೂ ಗೊತ್ತು.

ಪುತ್ತೂರು, ನಿವೃತ್ತ ಲ್ಯಾಬ್ ಟೆಕ್ನಿಷಿಯನ್: ಜಗಳ ಬಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗ್ಯೂ, ಇಲಿಜ್ವರ, ಮಲೇರಿಯಾ ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗ್ಯೂವಿನಲ್ಲಿ ಲಿವರ್ ಎಂಜೈಮೂ ಏರುತ್ತದೆ. ಬಸುರಿಯಾದರೆ ಸ್ಮಿಯರ್, ಎಲ್‌ಡಿಎಚ್ ಕೂಡ ನೋಡಲೇಬೇಕು. ವೈನ್‌ಸ್ಟೈನ್ ಅಂತ ಅಮೆರಿಕದ ಡಾಕ್ಟರು ಈ ಕಾಯಿಲೆಗೆ ಹೆಸರಿಟ್ಟದ್ದೇ 1982ರಲ್ಲಿ. ಮುಂಚೆ ಇದನ್ನು ಏನೇನೋ ಅಂದುಕೊಳ್ಳುತ್ತಿದ್ದರು. ಈಗಲೂ ಅಂದುಕೊಳ್ಳುತ್ತಾರೆ.

ಕಾಪು ಅಕ್ಕ: ನನ್ನ ಬಿಪಿ ಸರಿಯಿತ್ತು ಅಂತಲೇ ಕಳಿಸಿದ್ದು, ಅದನ್ನೂ ಹೇಳಿ ಸರ್. ಬಿಪಿ ಏರದೆಯೂ ಇದು ಬರುತ್ತದೆ. ಆಮೇಲೆ ಅವರು ಫೋನ್ ಕೂಡ ಎತ್ತಲಿಲ್ಲ.

ಉಳ್ಳಾಲ: ಎಲ್ಲರೂ ಲಕ್ಷದ ಲೆಕ್ಕ ಹೇಳುತ್ತಿದ್ದೀರಿ. ನನ್ನದು ಮಂಗಳೂರಿನ ಸರ್ಕಾರಿ ಆಸ್ಪತ್ರೆ ಲೇಡಿ ಗೋಷನ್‌ನಲ್ಲಿ. ನನ್ನ ಅಮ್ಮ ನನ್ನನ್ನು ಹೆತ್ತದ್ದೂ ಅಲ್ಲೇ. ನಾರ್ಮಲ್ ಹೆರಿಗೆ, ಸಿಹಿ ಹಂಚಿ ಆಗಿತ್ತು. ಮರುದಿನ ಎದೆಗುಂಡಿಯ ಹತ್ತಿರ ಹಿಂಡಿದ ಹಾಗೆ ನೋವು. ಬಾಣಂತಿಗೆ ವಾಯು ಅಂತ ಅತ್ತೆ ಲೇಹ ಬಾಯಿಗಿಟ್ಟರು. ನೋಡಿದ ಸಿಸ್ಟರ್ ಆಗಲೇ ರಕ್ತ ತೆಗೆದುಕೊಂಡು ಹೋದರು. ಹೆರಿಗೆ ಆದ ಮೇಲೂ ಎರಡು ದಿನದೊಳಗೆ ಇದು ಬರಬಹುದಂತೆ. ನಾಲ್ಕು ದಿನದಲ್ಲಿ ಪ್ಲೇಟ್‌ಲೆಟ್ ಲಕ್ಷ ದಾಟಿತು. ನಮ್ಮ ಒಟ್ಟು ಖರ್ಚು 6,200, ಅದರಲ್ಲಿ ಜಾಸ್ತಿ ರಿಕ್ಷಾಕ್ಕೆ.

ಕಾಪು ಅಕ್ಕ: ನಿಮ್ಮದು ತುಂಬಿದ ತಿಂಗಳ ಮಗು. ನನ್ನದು 1 ಕೆಜಿ 340 ಗ್ರಾಂ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಉಳ್ಳಾಲ: ನಾನು ಎಲ್ಲಿ ಇಟ್ಟೆ? ಸರ್ಕಾರಿ ಅಂದ ಕೂಡಲೇ ಮೂಗು ಮುರಿಯುವವರಿಗೆ ಹೇಳಿದ್ದು.

ಕಾಪು ಅಕ್ಕ: ಮೂಗು ಮುರಿದದ್ದು ಯಾರು? ಚಿನ್ನ ಅಡವಿಟ್ಟದ್ದು ಜಂಬಕ್ಕಲ್ಲ.

ಕಾರ್ಕಳ: ಆಸ್ಪಿರಿನ್ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಎರಡನೇ ಬಸುರಿಯಲ್ಲಿ 12 ವಾರಕ್ಕೆ ಎಕೋಸ್ಪ್ರಿನ್ 150 (ಆಸ್ಪಿರಿನ್ ಮಾತ್ರೆಯೇ), ರಾತ್ರಿ ಒಂದು. 16 ವಾರದೊಳಗೆ ಶುರುವಾಗಬೇಕು ಅಂದಿದ್ದರು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, 'ಇದು ಹಾರ್ಟಿನವರಿಗೆ ಅಕ್ಕ, ರಕ್ತ ತೆಳ್ಳಗಾಗುತ್ತದೆ' ಅಂದ. ನಾನು ಹೆದರಿ ಐದು ವಾರ ಬಿಟ್ಟೆ. ಡಾಕ್ಟರಿಗೆ ಹೇಳಲೂ ಇಲ್ಲ. 36 ವಾರಕ್ಕೆ ಬಿಪಿ 160/110. ಹೆಲ್ಪ್ ಆಗಲಿಲ್ಲ, ಪುಣ್ಯ. ಬಿಟ್ಟದ್ದಕ್ಕೇ ಹೀಗಾಯಿತಾ ಅಂತ ಕೇಳಿದೆ. ಡಾಕ್ಟರು ಉತ್ತರ ಕೊಡಲಿಲ್ಲ, ಮುಖ ಮಾತ್ರ ನೋಡಿದರು. ಆ ಹುಡುಗ ಈಗಲೂ ಅದೇ ಅಂಗಡಿಯಲ್ಲಿದ್ದಾನೆ.

ಸುರತ್ಕಲ್: ಅಂಗಡಿಯ ಹುಡುಗನ ಮಾತು ಕೇಳಿದ್ದು ನೀವು. ಅವನಿಗೆ ಯಾಕೆ ಬೈಯುವುದು?

ಕಾರ್ಕಳ: ಇವರು ಯಾರು ಮಾರಾಯ್ರೇ, ಎಲ್ಲರಿಗೂ ಪಾಠ ಮಾಡಲಿಕ್ಕೆ ಬಂದವರು?

ಬೈಂದೂರಿನವಳು: ಎಲ್ಲರಿಗೂ ಥ್ಯಾಂಕ್ಸ್. ಆಸ್ಪಿರಿನ್ ಬಗ್ಗೆ ನಾಡಿದ್ದು ನನ್ನ ಡಾಕ್ಟರ್ ಹತ್ತಿರ ಕೇಳುತ್ತೇನೆ. ರೂಮಿನ ವಿಷಯ ಯಾರೂ ಹೇಳಲಿಲ್ಲ.

ಕುಂದಾಪುರ: ನಾನು 28 ವಾರಕ್ಕೇ ಮಣಿಪಾಲದಲ್ಲಿ ರೂಮ್ ಮಾಡಿದೆ. ಬಾಡಿಗೆ 9,000, ಮುಂಗಡ 20,000. ಕರೆಂಟ್ ಬಿಲ್ ಬೇರೆ. ಅಮ್ಮನಿಗೆ ಅಲ್ಲಿಯ ಹುಳಿ ನೀರಿನ ಗಂಜಿ ಹಿಡಿಸಲಿಲ್ಲ ಅಂತ ದಿನಾ ಗಲಾಟೆ. 34 ವಾರಕ್ಕೆ ನೋವು ಬಂದಾಗ ಎಂಟು ನಿಮಿಷಕ್ಕೆ ಆಸ್ಪತ್ರೆ. ಇದಕ್ಕೆ ಮದ್ದು ಅಂದರೆ ಹೆರಿಗೆಯೊಂದೇ ಅಂತ ನಿಮಗೂ ಗೊತ್ತುಂಟು. ನಿಮ್ಮ ಊರಿಂದ ಮಳೆಯಲ್ಲಿ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ.

ಬಂಟ್ವಾಳದ ಅಪ್ಪ: ದಾರಿಯಲ್ಲಿ ಸಾಸ್ತಾನ ಟೋಲಿನಲ್ಲಿ ಸಾಲು ಇದ್ದರೆ ಇನ್ನೂ ಅರ್ಧ ಗಂಟೆ.

ಸುರತ್ಕಲ್: ಆಂಬುಲೆನ್ಸಿಗೆ ಟೋಲ್ ಇಲ್ಲ.

ಬಂಟ್ವಾಳದ ಅಪ್ಪ: ಟೋಲ್ ಇಲ್ಲ, ಎದುರಿನ ಲಾರಿ ಉಂಟಲ್ವಾ? ಅದರ ಮೇಲಿಂದ ಹಾರುವುದಾ?

ಬೈಂದೂರಿನವಳು: ಕುಂದಾಪುರದ ಅಕ್ಕ, ಆ ರೂಮಿಗೆ ಲಿಫ್ಟ್ ಉಂಟಾ? ಹಳೆ ಸಿಸೇರಿಯನ್ ಗಾಯ ಮೆಟ್ಟಿಲು ಹತ್ತುವಾಗ ಎಳೆಯುತ್ತದೆ.

ಕುಂದಾಪುರ: ಉಂಟು. ಕರೆಂಟ್ ಇದ್ದಾಗ. ಕೆಳಗಿನ ಮಾಳಿಗೆಯದ್ದೇ ಕೇಳು, ಓನರ್ ನಂಬರ್ ಮೆಸೇಜ್ ಮಾಡುತ್ತೇನೆ.