ಪಾಂಡವಪುರ ಕಡೆಯ ಐದು ಜನರ ಮನೆಗೆ ಆನ್‌ರೋಡ್ 10 ಲಕ್ಷದೊಳಗೆ ಯಾವ ಚಿಕ್ಕ ಎಸ್‌ಯುವಿ?

ನಾಲೆ ಬದಿ ಮನೆ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ನನ್ನ ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ದಿನಕ್ಕೆ ಹೋಗಿ ಬರುವುದು ಸುಮಾರು 60 ಕಿಲೋಮೀಟರ್. ಇಷ್ಟು ವರ್ಷ ಬೈಕ್‌ನಲ್ಲೇ ಓಡಾಡಿದೆ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಗೆ ಬೈಕ್ ಬಿಡುತ್ತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಈಗ ಮನೆಗೆ ಮೊದಲ ಕಾರು ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ದೇವೆ.

ಆನ್‌ರೋಡ್, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ 10 ಲಕ್ಷ. ಅದಕ್ಕಿಂತ ಮೇಲೆ ನನ್ನ ಕೈಲಿ ಆಗುವುದಿಲ್ಲ. ಅರ್ಧ ದುಡ್ಡು ಇದೆ, ಉಳಿದದ್ದು ಸಾಲ.

ಮನೆಯಲ್ಲಿ ಐದು ಜನ. ಅವ್ವನಿಗೆ ಎರಡೂ ಮಂಡಿ ನೋವು. ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಗ್ಗಿನ ಸೀಟಿನ ಕಾರಾದರೆ ಇಳಿಯುವಾಗ ಇಬ್ಬರು ಕೈ ಹಿಡಿದು ಎಬ್ಬಿಸಬೇಕು. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಮನೆಯಿಂದ ಟಾರು ರಸ್ತೆಗೆ ಬರುವ ತನಕ ನಾಲೆ ಏರಿಯ ಮಣ್ಣು ದಾರಿ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಹಳ್ಳ, ಮಧ್ಯದಲ್ಲಿ ದಿಬ್ಬ ಆಗಿಬಿಡುತ್ತದೆ. ಬಾಡಿಗೆಗೆ ಬರುವ ಕಾರುಗಳ ತಳ ಅಲ್ಲಿ ಉಜ್ಜುವುದನ್ನು ನೋಡಿದ್ದೇನೆ.

ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್, ಮಾರುತಿ ಫ್ರಾಂಕ್ಸ್, ನಿಸ್ಸಾನ್ ಮ್ಯಾಗ್ನೈಟ್, ಈ ನಾಲ್ಕನ್ನು ಶೋರೂಂನಲ್ಲಿ ನೋಡಿ ಬಂದೆ. ಎಲ್ಲಿ ಹೋದರೂ ಸನ್‌ರೂಫ್ ಮತ್ತು ದೊಡ್ಡ ಸ್ಕ್ರೀನ್ ಬಗ್ಗೆಯೇ ಮಾತು. ನಾನು ದಾರಿ ಬಗ್ಗೆ ಕೇಳಿದರೆ "ಎಸ್‌ಯುವಿ ಅಲ್ವಾ ಸರ್, ಏನೂ ಆಗಲ್ಲ" ಅಂತಾರೆ. ನನ್ನ ಭಾವಮೈದ ಮಾತ್ರ ಸುಮ್ನೆ ಒಂದು ಸ್ವಿಫ್ಟ್ ತಗೋ ಅಂತಾನೆ.

ಯಾವುದು ವಾಸಿ? ಪೆಟ್ರೋಲಾ, ಸಿಎನ್‌ಜಿನಾ? ಆಟೋಮ್ಯಾಟಿಕ್ ಬೇಕಾ? ಓಡಿಸಿದವರು ಹೇಳಿ.

ಲೆಕ್ಕ ನೋಡುವವನು, ಮದ್ದೂರು

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಆನ್‌ರೋಡ್ 10 ಲಕ್ಷ ಅಂದರೆ ನೀವು ನೋಡಬೇಕಾದ ಶೋರೂಂ ಬೆಲೆ 8 ಲಕ್ಷದ ಆಸುಪಾಸು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ 14%. 8.20 ಲಕ್ಷದ ಕಾರಿಗೆ 1,14,800 ರೂಪಾಯಿ ಅಲ್ಲೇ ಹೋಯಿತು. ಆ ತೆರಿಗೆ ಮೇಲೆ ಸೆಸ್, ಆಮೇಲೆ ಇನ್ಶೂರೆನ್ಸ್.

2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18% ಆಗಿದೆ. ಮೊದಲು ಸೆಸ್ ಸೇರಿ 29% ಇತ್ತು. ನಿಮ್ಮ ನಾಲ್ಕೂ ಕಾರು ಈ ಲೆಕ್ಕದೊಳಗೇ ಬರುತ್ತವೆ. ಮಾರುತಿ ಬ್ರೆಜಾ ಕೂಡ 4 ಮೀಟರ್ ಒಳಗಿನದೇ, ಆದರೆ ಇಂಜಿನ್ 1.5 ಲೀಟರ್. ಅದಕ್ಕೆ 40%.

ಶೋರೂಂನವರು ಕೊಡುವ ಚೀಟಿಯಲ್ಲಿ ಆಕ್ಸೆಸರಿ ಪ್ಯಾಕ್, ಹ್ಯಾಂಡ್ಲಿಂಗ್ ಅಂತ ಇದ್ದರೆ ಯಾಕೆ ಅಂತ ಕೇಳಿ, ತೆಗೆಸಿ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಏನೂ ಇಲ್ಲ. ಹೊರಗೆ ವಿಚಾರಿಸಿ, ಅದೇ ಐಡಿವಿಗೆ (ಇನ್ಶೂರೆನ್ಸ್‌ನಲ್ಲಿ ಕಾರಿಗೆ ಕಟ್ಟುವ ಬೆಲೆ) ಎಷ್ಟು ಅಂತ ಹೋಲಿಸಿ.

ಜಕ್ಕನಹಳ್ಳಿ ಕ್ರಾಸ್

ತಮ್ಮ, ನಾನು ಸರ್ಕಾರಿ ಬಸ್ ಓಡಿಸಿ ನಿವೃತ್ತಿ ಆದವನು. ಈಗ ಮನೆಯ ಕಾರು, ನೆಂಟರ ಕಾರು ಎಲ್ಲ ನನ್ನ ಕೈಯಲ್ಲೇ. ನಿನ್ನ ದಾರಿ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ವಿವರವಾಗಿ ಬರೀತಾ ಇದ್ದೀನಿ.

ಒಂದೇ ಮಾತು ಗಟ್ಟಿಯಾಗಿ ಹಿಡಿದುಕೋ. ಖಾಲಿ ಕಾರು ಓಡಿಸಿ ತೀರ್ಮಾನ ಮಾಡಬೇಡ. ಶೋರೂಂನವರು ನಿನ್ನನ್ನು ಒಬ್ಬನನ್ನೇ ಕೂರಿಸಿಕೊಂಡು ನುಣ್ಣನೆ ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಆಗ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ. ನಿನ್ನ ಮನೆಯ ಐದೂ ಜನ ಕೂತು, ಎಸಿ ಹಾಕಿ, ಹಂಪ್ ದಾಟಿ, ಏರು ಹತ್ತಿದಾಗ ಮಾತ್ರ ಕಾರಿನ ಗುಣ ಗೊತ್ತಾಗುತ್ತದೆ. ಬಸ್‌ನಲ್ಲಿ ಇದನ್ನೇ ನಾನು ಜೀವನವೆಲ್ಲ ನೋಡಿದ್ದು. ಖಾಲಿ ಗಾಡಿ ಬೇರೆ, ಜನ ತುಂಬಿದ ಗಾಡಿ ಬೇರೆ. ಬ್ರೇಕ್ ಬೇರೆ, ತಿರುವು ಬೇರೆ, ಗೇರ್ ಬೇರೆ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕೆ ಇರುವ ಎತ್ತರ, ತಗೋ. ಎಕ್ಸ್‌ಟರ್ 185 ಮಿ.ಮೀ., 2021ರಲ್ಲಿ ಬಂದ ಪಂಚ್ 187, ಫ್ರಾಂಕ್ಸ್ 190, ಮ್ಯಾಗ್ನೈಟ್ 205. ಕಾಗದದ ಮೇಲೆ ನೋಡಿದರೆ ಮ್ಯಾಗ್ನೈಟ್ ಗೆದ್ದಿತು ಅನಿಸುತ್ತದೆ. ಆದರೆ ಇವೆಲ್ಲ ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತು, ಹಿಂದೆ ಒಂದು ಮೂಟೆ ಅಕ್ಕಿ ಹಾಕಿದರೆ ಸ್ಪ್ರಿಂಗ್ ಎಷ್ಟು ಇಳಿಯುತ್ತದೆ ಅನ್ನುವುದೇ ಮುಖ್ಯ. ಜನರನ್ನು ಕೂರಿಸಿ, ಕೆಳಗೆ ಬಗ್ಗಿ ನೋಡು. ನಾಲೆ ಏರಿಯ ದಿಬ್ಬಕ್ಕೆ ಈ ನಾಲ್ಕೂ ಸಾಕು, ಆದರೆ ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಅಂಚಿನ ಮೇಲೆ ಇಟ್ಟು ನಿಧಾನ ಹೋಗಬೇಕು. ಇವು ನಾಲ್ಕಕ್ಕೂ ಎಳೆತ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಎಸ್‌ಯುವಿ ಅಂತ ಹೆಸರಿದೆ ಎಂದು ಮಳೆಗಾಲದ ಜೇಡಿಮಣ್ಣಿಗೆ ನುಗ್ಗಿಸಿದರೆ ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲಿ ನೀರು ತುಂಬಿದ ನಾಲೆ ಇದೆ. ಮಳೆ ಜೋರಾಗಿದ್ದ ದಿನ ಕಾರನ್ನು ಟಾರು ರಸ್ತೆ ಬದಿಯಲ್ಲೇ ಬಿಟ್ಟು ನಡೆದು ಮನೆಗೆ ಹೋಗು. ಇದನ್ನು ಕೈ ಮುಗಿದು ಹೇಳುತ್ತೇನೆ.

ಅವ್ವನ ವಿಷಯ. ಅವರನ್ನು ಶೋರೂಂಗೆ ಕರೆದುಕೊಂಡು ಹೋಗು. ಸೀಟು ಅವರ ಸೊಂಟದ ಮಟ್ಟಕ್ಕೆ ಇರಬೇಕು. ಮೊದಲು ಪಕ್ಕಕ್ಕೆ ಕೂತು, ಆಮೇಲೆ ಕಾಲು ಒಳಗೆ ತಗೊಳ್ಳುವ ಹಾಗಿರಬೇಕು. ತೀರಾ ಎತ್ತರ ಆದರೂ ಕಷ್ಟ, ಕಾಲೆತ್ತಿ ಹತ್ತಬೇಕಾಗುತ್ತದೆ. ಪಂಚ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ. ವಯಸ್ಸಾದವರಿಗೆ ಇದು ಎಷ್ಟು ಉಪಕಾರ ಅಂತ ನನ್ನ ಅತ್ತೆಯವರನ್ನು ಹತ್ತಿಸಿ ಇಳಿಸಿ ನೋಡಿದ್ದೇನೆ. ಫ್ರಾಂಕ್ಸ್‌ನ ಚಾವಣಿ ಹಿಂದಕ್ಕೆ ಇಳಿಜಾರು, ಹಿಂದಿನ ಸೀಟಿಗೆ ಹೋಗುವಾಗ ತಲೆ ಬಗ್ಗಿಸಬೇಕು. ಮಕ್ಕಳಿಗೆ ಪರವಾಗಿಲ್ಲ, ಮಂಡಿ ನೋವಿನವರಿಗೆ ತೊಂದರೆ. ನೀನು ಎಷ್ಟೇ ಯೋಚನೆ ಮಾಡಿದರೂ ಅವ್ವ ಒಂದು ಸಲ ಕೂತು ಎದ್ದರೆ ಉತ್ತರ ಸಿಕ್ಕಿಬಿಡುತ್ತದೆ.

ಇಂಜಿನ್ ಶಕ್ತಿ. ಪಂಚ್, ಎಕ್ಸ್‌ಟರ್, ಫ್ರಾಂಕ್ಸ್ ಮೂರರಲ್ಲೂ ಟರ್ಬೋ ಇಲ್ಲದ ಇಂಜಿನ್ 1.2 ಲೀಟರ್. ಎಳೆಯುವ ಬಲ ಹತ್ತಿರ ಹತ್ತಿರ ಒಂದೇ, 113ರಿಂದ 115 ನ್ಯೂಟನ್ ಮೀಟರ್. ಮ್ಯಾಗ್ನೈಟ್‌ನ ಟರ್ಬೋ ಇಲ್ಲದ 1 ಲೀಟರ್ ಇಂಜಿನ್ 96 ಮಾತ್ರ. ಒಬ್ಬನೇ ಮೈಸೂರಿಗೆ ಹೋಗಿ ಬರುವವನಿಗೆ ಅದು ಸಾಕು. ಐದು ಜನ ಕೂತು ನಮ್ಮ ಜಕ್ಕನಹಳ್ಳಿಯಿಂದ ಮೇಲುಕೋಟೆ ಬೆಟ್ಟ ಹತ್ತುವಾಗ ಎಸಿ ಆರಿಸಬೇಕು ಅನಿಸುತ್ತದೆ. ವೈರಮುಡಿ ಉತ್ಸವದ ಸಮಯದಲ್ಲಿ ನಿಂತು ನಿಂತು ಹತ್ತಬೇಕಾದರೆ ಇನ್ನೂ ಕಷ್ಟ. ಟೆಸ್ಟ್ ಡ್ರೈವ್‌ನಲ್ಲಿ ಏರು ಸಿಕ್ಕಿದ ಕಡೆ ಎರಡನೇ ಗೇರ್‌ನಲ್ಲಿ 20ರ ವೇಗಕ್ಕೆ ಇಳಿಸಿ, ಮತ್ತೆ ಆಕ್ಸಿಲರೇಟರ್ ಒತ್ತಿ ನೋಡು. ಎಳೆದರೆ ಸರಿ. ಗುಡುಗುಡು ಅಂದರೆ ಆ ಕಾರು ನಿನ್ನ ಮನೆಗೆ ಆಗುವುದಿಲ್ಲ.

ಯಾರೂ ಹೇಳದ ಇನ್ನೊಂದು ವಿಷಯ ಹೆಡ್‌ಲೈಟ್. ಕಬ್ಬಿನ ಕಾಲದಲ್ಲಿ ಕತ್ತಲಾದ ಮೇಲೆ ಟ್ರೇಲರ್ ತುಂಬ ಕಬ್ಬು, ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಜಲ್ಲೆ ರಸ್ತೆಗೆ ಚಾಚಿಕೊಂಡಿರುತ್ತದೆ. ಹತ್ತಿರ ಬಂದಾಗಲೇ ಕಾಣುವುದು. ಬಸ್‌ನಲ್ಲಿ ಎತ್ತರದಲ್ಲಿ ಕೂತು ಓಡಿಸಿದ ನನಗೇ ಎಷ್ಟೋ ಸಲ ಎದೆ ಧಸಕ್ ಅಂದಿದೆ. ಸಂಜೆ ಏಳರ ಮೇಲೆ ಟೆಸ್ಟ್ ಡ್ರೈವ್ ಕೇಳು. ಡಿಮ್‌ನಲ್ಲಿ ಬೆಳಕು ಎಷ್ಟು ದೂರ ಬೀಳುತ್ತದೆ, ಎಡಗಡೆ ಅಂಚು ಕಾಣುತ್ತದೆಯಾ ನೋಡು. ಸನ್‌ರೂಫ್‌ಗೆ ಕೊಡುವ ದುಡ್ಡನ್ನು ಒಳ್ಳೆಯ ಲೈಟ್ ಇರುವ ಮಾಡೆಲ್‌ಗೆ ಕೊಡು. ಮಗಳಿಗೆ ನಾನು ಹೇಳಿದೆ ಅಂತ ಹೇಳು.

ಏರ್‌ಬ್ಯಾಗ್ ಎಷ್ಟಿದೆ ಅಂತ ನೀನು ತಗೊಳ್ಳುವ ಮಾಡೆಲ್‌ನಲ್ಲೇ ಕೇಳು, ಟಾಪ್ ಮಾಡೆಲ್ ತೋರಿಸಿ ಹೇಳುವುದು ಬೇಡ. ಎಕ್ಸ್‌ಟರ್ 2023ರಲ್ಲಿ ಬಂದಾಗಲೇ ಎಲ್ಲ ಮಾಡೆಲ್‌ಗೂ ಆರು ಕೊಟ್ಟಿತ್ತು. ಪಂಚ್‌ಗೆ 2021ರ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್, ಮಕ್ಕಳ ರಕ್ಷಣೆಗೆ 4 ಸ್ಟಾರ್ ಬಂದಿದೆ. ಹಿಂದೆ ಮಧ್ಯದಲ್ಲಿ ಕೂರುವವರಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯಾ ನೋಡು. ಅಲ್ಲಿ ಕೂರುವುದು ನಿನ್ನ ಮಗನೇ.

ನನ್ನನ್ನು ಕೇಳಿದರೆ ನಿನಗೆ ಪಂಚ್ ಅಥವಾ ಎಕ್ಸ್‌ಟರ್, ಮಧ್ಯದ ಮಾಡೆಲ್, ಮ್ಯಾನುಯಲ್. ಎರಡರಲ್ಲಿ ಯಾವುದು ಅಂತ ಅವ್ವ ಹೇಳಲಿ.

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ

ಜಕ್ಕನಹಳ್ಳಿ ಅಣ್ಣ ಹೇಳಿದ್ದು ಸರಿ. ಗ್ಯಾರೇಜ್ ಕಡೆಯಿಂದ ಎರಡು ಮಾತು.

ಪಂಚ್ ಮೂರು ಸಿಲಿಂಡರ್. ಎಕ್ಸ್‌ಟರ್, ಫ್ರಾಂಕ್ಸ್ 1.2 ನಾಲ್ಕು ಸಿಲಿಂಡರ್. ಸಿಗ್ನಲ್‌ನಲ್ಲಿ ನಿಂತಾಗ ಮೂರು ಸಿಲಿಂಡರ್ ಸ್ವಲ್ಪ ನಡುಗುವುದು ಗೊತ್ತಾಗುತ್ತದೆ. ಅದು ಕೆಟ್ಟಿದೆ ಅಂತ ಅಲ್ಲ, ಆ ಇಂಜಿನ್‌ನ ಸ್ವಭಾವವೇ ಹಾಗೆ. ದಿನಾ ಎರಡು ಗಂಟೆ ಕೂರುವವರು ನೀವು, ಅದು ನಿಮಗೆ ಒಗ್ಗುತ್ತದೆಯಾ ಅಂತ ನೀವೇ ನೋಡಬೇಕು.

ಭಾವಮೈದ ಹೇಳಿದ ಸ್ವಿಫ್ಟ್ ಒಳ್ಳೆಯ ಗಾಡಿಯೇ. ನಿಜ ಹೇಳಬೇಕೆಂದರೆ ಫ್ರಾಂಕ್ಸ್ ಬಲೆನೋ ತಳದ ಮೇಲೆ ಕಟ್ಟಿದ್ದು, ಪಂಚ್ ಆಲ್ಟ್ರೋಜ್ ತಳದ ಮೇಲೆ. ಹಾಗಂತ ಎತ್ತರದ ಸೀಟು, ಎತ್ತರದ ತಳ ಸುಳ್ಳಲ್ಲ. ನಿಮ್ಮ ಅವ್ವನಿಗೂ ನಿಮ್ಮ ದಾರಿಗೂ ಆ ಎತ್ತರ ಬೇಕು.

ದಿನಕ್ಕೆ 60 ಕಿಲೋಮೀಟರ್ ಓಡುವವರಿಗೆ ಸಿಎನ್‌ಜಿ ಲೆಕ್ಕ ಕೂಡಿಬರುತ್ತದೆ. ಕೆಜಿಗೆ 27 ಕಿಲೋಮೀಟರ್‌ನ ಆಸುಪಾಸು ಕಂಪನಿ ಹೇಳುತ್ತದೆ, ರಸ್ತೆಯಲ್ಲಿ ಅದಕ್ಕಿಂತ ಕಡಿಮೆ ಬರುತ್ತದೆ ಅಂತ ಇಟ್ಟುಕೊಂಡರೂ ಪೆಟ್ರೋಲ್‌ಗಿಂತ ಲಾಭ. ಆದರೆ ಗ್ಯಾಸ್‌ನಲ್ಲಿ ಶಕ್ತಿ ಇಳಿಯುತ್ತದೆ. ಪಂಚ್ 103 ನ್ಯೂಟನ್ ಮೀಟರ್‌ಗೆ, ಎಕ್ಸ್‌ಟರ್ 95ಕ್ಕೆ ಬರುತ್ತದೆ. ಬೆಟ್ಟ ಹತ್ತುವಾಗ ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಹಾಕಿಕೊಳ್ಳಿ. ಎರಡರಲ್ಲೂ ಎರಡು ಚಿಕ್ಕ ಗ್ಯಾಸ್ ಸಿಲಿಂಡರ್ ಡಿಕ್ಕಿಯ ತಳದಲ್ಲಿ ಕೂರಿಸುವ ಮಾದರಿ ಸಿಗುತ್ತದೆ. ಹಾಗಿದ್ದೂ ಪಂಚ್‌ನ 366 ಲೀಟರ್ ಡಿಕ್ಕಿ 210 ಲೀಟರ್ ಆಗುತ್ತದೆ. ಮೂರು ವರ್ಷಕ್ಕೊಮ್ಮೆ ಗ್ಯಾಸ್ ಸಿಲಿಂಡರ್ ಒತ್ತಡ ತಡೆಯುತ್ತದೆಯಾ ಅಂತ ನೋಡುವ ಹೈಡ್ರೋ ಟೆಸ್ಟ್ ಮಾಡಿಸಬೇಕು. ಹೊರಗಡೆ ಕಿಟ್ ಹಾಕಿಸಲು ಹೋಗಬೇಡಿ, ವಾರಂಟಿ ಹೋಗುತ್ತದೆ. ತಗೊಂಡರೆ ಕಂಪನಿಯದ್ದೇ ತಗೊಳ್ಳಿ.

ಅಲಾಯ್ ಚಕ್ರ ಬೇಡ. ನಿಮ್ಮ ದಾರಿಯಲ್ಲಿ ಕಲ್ಲಿಗೆ ಹೊಡೆದರೆ ಸೀಳು ಬಿಡುತ್ತದೆ. ಕಬ್ಬಿಣದ ಡಿಸ್ಕ್ ಬಗ್ಗಿದರೆ ಬಡಿದು ಸರಿ ಮಾಡಬಹುದು.

ಒಂಟಿಕೊಪ್ಪಲ್ ಟೀಚರ್, ಮೈಸೂರು

ಆಟೋಮ್ಯಾಟಿಕ್ ಬಗ್ಗೆ ನಾನು ಹೇಳುತ್ತೇನೆ. ನನ್ನದು ಎಎಂಟಿ, ಅಂದರೆ ಕ್ಲಚ್, ಗೇರ್ ಕೆಲಸವನ್ನು ಗಾಡಿಯೇ ಮಾಡಿಕೊಳ್ಳುವ ಆಟೋಮ್ಯಾಟಿಕ್. ಸಯ್ಯಾಜಿರಾವ್ ರಸ್ತೆ, ದಸರಾ ಸಮಯದ ಟ್ರಾಫಿಕ್, ಇದಕ್ಕೆಲ್ಲ ಎಡಗಾಲಿಗೆ ತುಂಬಾ ಆರಾಮ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಒತ್ತುವುದು ರೂಢಿ ಆದರೆ ಅದೂ ಕಡಿಮೆ ಆಗುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರಬಹುದು. ಹಾಗೆ ಜಾರದಂತೆ ಹಿಡಿದಿಡುವ ಹಿಲ್ ಹೋಲ್ಡ್ ಇರುವ ಮಾಡೆಲ್ ಆದರೆ ಮಾತ್ರ ತಗೊಳ್ಳಿ.

ಆದರೆ ಇವರಿಗೆ ಬಜೆಟ್ ಬಿಗಿ. ಊರಿನ ದಾರಿಯೇ ಜಾಸ್ತಿ. ಎಎಂಟಿಗೆ ಹಾಕುವ ದುಡ್ಡಲ್ಲಿ ಮ್ಯಾನುಯಲ್‌ನ ಮೇಲಿನ ಮಾಡೆಲ್ ಬರುತ್ತದೆ. ಮನೆಯವರೂ ಓಡಿಸುತ್ತಾರೆ ಅನ್ನುವುದಾದರೆ ಮಾತ್ರ ಮತ್ತೆ ಯೋಚಿಸಿ. ದಯವಿಟ್ಟು ಅವರನ್ನೂ ಸ್ಟೀರಿಂಗ್ ಹಿಂದೆ ಕೂರಿಸಿ ನೋಡಿ. ಕುಳ್ಳಗಿರುವವರಿಗೆ ಡ್ರೈವರ್ ಸೀಟಿನ ಎತ್ತರ ಬದಲಾಯಿಸುವ ಸೌಲಭ್ಯ ಬೇಕೇ ಬೇಕು. ಕೆಳಗಿನ ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ನಾಲೆ ಬದಿ ಮನೆ, ಪಾಂಡವಪುರ

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಮನೆಮಂದಿಯೆಲ್ಲ ಹೋಗಿದ್ದೆವು. ಒಂದು ಶೋರೂಂನಲ್ಲಿ ಐದು ಜನ ಕೂರುತ್ತೇವೆ ಅಂದರೆ ಒಪ್ಪಲಿಲ್ಲ, ಅಲ್ಲಿಂದ ಎದ್ದು ಬಂದೆವು. ಇನ್ನೆರಡು ಕಡೆ ಖುಷಿಯಾಗಿ ಕೊಟ್ಟರು.

ಅವ್ವ ಪಂಚ್‌ನಲ್ಲಿ ಯಾರ ಕೈಯೂ ಹಿಡಿಯದೆ ಇಳಿದರು. ಎಕ್ಸ್‌ಟರ್‌ನಲ್ಲಿ ಬಾಗಿಲು ಹಿಡಿದುಕೊಂಡು ಇಳಿದರು. ಇಂಜಿನ್ ನನಗೆ ಎಕ್ಸ್‌ಟರ್‌ನದ್ದೇ ಇಷ್ಟ, ಮೆತ್ತಗಿದೆ. ಸಂಜೆ ಲೈಟ್ ಕೂಡ ನೋಡಿದೆ ಅಣ್ಣಾ, ನೀವು ಹೇಳಿದ ಮೇಲೆ ಅದೇ ದೊಡ್ಡ ವಿಷಯ ಅನಿಸಿತು. ನನ್ನ ಹೆಂಡತಿ ಕಾರು ಕಲಿಯುತ್ತೇನೆ ಅಂದಿದ್ದಾಳೆ, ಸೀಟ್ ಎತ್ತರ ಅವಳೇ ನೋಡಿದಳು. ಅವ್ವನಿಗಾಗಿ ಪಂಚ್ ಅಂತ ತೀರ್ಮಾನ ಮಾಡಿದ್ದೇವೆ. ಮಧ್ಯದ ಮಾಡೆಲ್, ಮ್ಯಾನುಯಲ್. ಸಿಎನ್‌ಜಿ ಹಾಕಿದರೆ ಬಜೆಟ್ ಒಳಗೆ ಬರುತ್ತದೆಯಾ ಅಂತ ಚೀಟಿ ಕೇಳಿದ್ದೇನೆ. ಡೆಲಿವರಿ ತಗೊಳ್ಳುವಾಗ ಏನು ನೋಡಬೇಕು?

ಗುತ್ತಲು ರಸ್ತೆ ಗ್ಯಾರೇಜ್, ಮಂಡ್ಯ

ಡೆಲಿವರಿ ದಿನ ಅಲ್ಲ, ರಿಜಿಸ್ಟ್ರೇಷನ್‌ಗೆ ಮೊದಲೇ ಯಾರ್ಡ್‌ಗೆ ಹೋಗಿ ನಿಮ್ಮ ಗಾಡಿ ನೋಡಿ. ನಂಬರ್ ಬಿದ್ದ ಮೇಲೆ ಗೀರು ಕಂಡರೂ ಬೇರೆ ಗಾಡಿ ಕೊಡಿ ಅಂತ ಕೇಳುವುದು ಕಷ್ಟ. ಹಗಲು ಬೆಳಕಲ್ಲಿ ಹೋಗಿ. ಗಾಡಿಗೆ ಕಂಪನಿ ಹಾಕಿರುವ ಪ್ಲೇಟ್ ಮೇಲೆ ತಯಾರಾದ ತಿಂಗಳು, ವರ್ಷ ಓದಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಐದೂ ಟೈರ್ ನೋಡಿ, ಸ್ಟೆಪ್ನಿ ಬಿಡಬೇಡಿ. ಚಾಸಿಸ್ ನಂಬರ್‌ನ ಫೋಟೋ ತೆಗೆದುಕೊಂಡು, ಇನ್‌ವಾಯ್ಸ್‌ನಲ್ಲಿ ಅದೇ ನಂಬರ್ ಬಂದಿದೆಯಾ ಅಂತ ತಾಳೆ ನೋಡಿದ ಮೇಲೆ ಉಳಿದ ದುಡ್ಡು ಕಟ್ಟಿ.