ಮರದ ಹಿಡಿಯ ಹಳೆಯ ಸ್ಟಿಲ್‌ಸನ್ ಪೈಪ್ ರೆಂಚ್: ಕಾಲವನ್ನು ಗುರುತಿಸುವುದು ಹೇಗೆ, ತುಕ್ಕು ತೆಗೆಯುವುದು ಹೇಗೆ?

ಪ್ರಶ್ನೆ: ಕಬ್ಬಿಣಪ್ರಿಯ (ಬಾಸ್ಟನ್)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಮರದ ಹಿಡಿಯ ಪೈಪ್ ರೆಂಚ್ ಒಂದನ್ನು ಕೊಂಡಿದ್ದೇನೆ. ತುಕ್ಕಿನ ನಡುವೆ ‘ಸ್ಟಿಲ್‌ಸನ್’ ಎಂಬ ಅಕ್ಷರಗಳೂ ವಜ್ರಾಕಾರದ ಮುದ್ರೆಯ ಒಂದು ಅಂಚೂ ಕಾಣುತ್ತವೆ. ದವಡೆಯನ್ನು ಸರಿಸುವ ನಟ್ ಸಂಪೂರ್ಣವಾಗಿ ಹಿಡಿದುಕೊಂಡಿದ್ದು, ದವಡೆಗಳು ಮುಚ್ಚಿರುವ ಈಗಿನ ಸ್ಥಿತಿಯಲ್ಲಿ ಉದ್ದ ಸುಮಾರು 13 ಅಂಗುಲವಿದೆ. ಡೇನಿಯಲ್ ಸ್ಟಿಲ್‌ಸನ್ 1869ರಲ್ಲಿ ಪೇಟೆಂಟ್ ಪಡೆದರೆಂದು ಓದಿದ್ದೇನೆ. ಇದು ಆ ಕಾಲದ್ದೇ? ಗ್ರೈಂಡರ್‌ನಲ್ಲಿ ತಂತಿ ಚಕ್ರ ಹಾಕಿ ಉಜ್ಜಿದರೆ ಆದೀತೇ?

ಉತ್ತರ 1: ಹಳೆಪಾನ

ಕಬ್ಬಿಣಪ್ರಿಯ ಅವರೇ, ದಯವಿಟ್ಟು ಗ್ರೈಂಡರನ್ನು ಸದ್ಯಕ್ಕೆ ದೂರವಿಡಿ. ಇಂತಹ ಉಪಕರಣದ ಚರಿತ್ರೆಯೆಲ್ಲ ಅದರ ಮೇಲಿನ ಅಕ್ಷರಗಳಲ್ಲೇ ಇರುವುದರಿಂದ, ಒಮ್ಮೆ ಅವು ಸವೆದುಹೋದರೆ ಉಳಿಯುವುದು ಬರಿಯ ಕಬ್ಬಿಣ.

ಸ್ಟಿಲ್‌ಸನ್ ಅವರು ವಾಲ್‌ವರ್ತ್ ಕಂಪನಿಯಲ್ಲಿ ಕೆಲಸಗಾರರಾಗಿದ್ದರು. ಅವರ ಪೇಟೆಂಟನ್ನು ಬಳಸಿ ರೆಂಚ್ ತಯಾರಿಸಿದ್ದೂ ಅದೇ ಕಂಪನಿ. ವಜ್ರಾಕಾರದ ಮುದ್ರೆ ಅದರದ್ದೇ. ಆದರೆ ಆಗಿನ ಅಮೆರಿಕದ ಪೇಟೆಂಟ್‌ಗಳ ಅವಧಿ 17 ವರ್ಷವಾಗಿದ್ದುದರಿಂದ, 1886ರ ನಂತರ ಬೇರೆ ಕಂಪನಿಗಳೂ ಅದೇ ವಿನ್ಯಾಸದ ರೆಂಚ್ ತಯಾರಿಸಲು ದಾರಿಯಾಯಿತು. ‘ಸ್ಟಿಲ್‌ಸನ್’ ಎಂಬುದು ಕ್ರಮೇಣ ಒಂದು ಬಗೆಯ ರೆಂಚ್‌ನ ಹೆಸರೇ ಆಯಿತು. ಆದ್ದರಿಂದ ಆ ಪದವೊಂದನ್ನೇ ನಂಬಿ ತಯಾರಕರನ್ನು ನಿರ್ಧರಿಸಬೇಡಿ. ಮುದ್ರೆಯೊಳಗಿನ ಹೆಸರು ಪೂರ್ತಿ ಕಾಣುವವರೆಗೆ ಕಾಯಿರಿ. ಪೇಟೆಂಟಿನ ವರ್ಷವು ತಯಾರಿಕೆಯ ವರ್ಷವಲ್ಲ. ಮರದ ಹಿಡಿಯಿದ್ದ ಮಾತ್ರಕ್ಕೆ ಹತ್ತೊಂಬತ್ತನೆಯ ಶತಮಾನದ್ದೆಂದು ಹೇಳಲೂ ಬಾರದು, ಏಕೆಂದರೆ ಇಪ್ಪತ್ತನೆಯ ಶತಮಾನ ಆರಂಭವಾದ ಮೇಲೂ ಅಂತಹ ಹಿಡಿಗಳು ಮಾರಾಟದಲ್ಲಿದ್ದವು.

ಅಳತೆಯ ವಿಷಯ: ಪೈಪ್ ರೆಂಚ್‌ನ ಉದ್ದವನ್ನು ದವಡೆ ತೆರೆದ ಸ್ಥಿತಿಯಲ್ಲಿ ಎಣಿಸುವುದು ರೂಢಿ, ಹಾಗಾಗಿ ನಿಮ್ಮದು 14 ಅಂಗುಲದ್ದಿರಬೇಕು. ಮೇಲಿನ ದವಡೆಯನ್ನು ಹಿಡಿದಿರುವ ಚೌಕಟ್ಟು ಪಿನ್ನಿನ ಮೇಲೆ ಸ್ವಲ್ಪ ಓಲಾಡುವಂತಿದೆಯೇ, ದವಡೆಗಳಿಗೆ ಹಲ್ಲುಗಳಿವೆಯೇ ಎಂಬುದನ್ನೂ ನೋಡಿ. ಹಿಡಿಯನ್ನು ಎಳೆದಷ್ಟೂ ಆ ಓಲಾಟದಿಂದಲೇ ದವಡೆಗಳು ಪೈಪನ್ನು ಬಿಗಿಯಾಗಿ ಕಚ್ಚುತ್ತವೆ. ಲೋರಿಂಗ್ ಕೋಸ್ ಅವರ 1841ರ ಸ್ಕ್ರೂ ರೆಂಚ್‌ನಲ್ಲಿ ಇವೆರಡೂ ಇಲ್ಲ. ಅದರ ನುಣುಪಾದ ದವಡೆಗಳು ನಟ್‌ಗಳಿಗಾಗಿ ಇರುವಂಥವು. ಸಂತೆಗಳಲ್ಲಿ ಎರಡನ್ನೂ ಒಂದೇ ರಾಶಿಗೆ ಹಾಕಿ ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಉತ್ತರ 2: ತುಕ್ಕುಮುಕ್ತ

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೊದಲು ನಟ್‌ನ ಎರಡೂ ಬದಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕೆಲವು ದಿನ ಇಡಿ. ನಡುನಡುವೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಿ. ನಟ್ ಬಿಡದಿದ್ದರೆ ಇಕ್ಕಳ ಹಾಕಿ ತಿರುಗಿಸಬೇಡಿ, ಅದರ ಮೇಲಿನ ಗೀರುಗಳು ಕಿತ್ತುಹೋಗುತ್ತವೆ. ದವಡೆಯನ್ನು ಕೆಂಪಗೆ ಕಾಯಿಸಲಂತೂ ಹೋಗಬೇಡಿ. ಹಲ್ಲುಗಳಿಗೆ ಕೊಟ್ಟಿರುವ ಗಡಸುತನ ಅದರಿಂದ ಹಾಳಾಗುತ್ತದೆ.

ನಟ್ ಬಿಟ್ಟು ದವಡೆ ಹೊರಬಂದ ಮೇಲೆ, ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ತೆಗೆಯುವ ವಿಧಾನವು ಅಕ್ಷರಗಳಿಗೆ ಅತ್ಯಂತ ಸೌಮ್ಯವಾದುದು. ಬ್ಯಾಟರಿ ಚಾರ್ಜರ್‌ನ ಋಣ ತುದಿಯನ್ನು ರೆಂಚ್‌ನ ಭಾಗಕ್ಕೂ ಧನ ತುದಿಯನ್ನು ಹಳೆಯ ಕಬ್ಬಿಣದ ತುಂಡಿಗೂ ಜೋಡಿಸಬೇಕು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಕೂಡದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಸೇರುತ್ತವೆ. ಹೈಡ್ರೋಜನ್ ಅನಿಲ ಹೊರಬರುವುದರಿಂದ ಕೆಲಸವನ್ನು ಬಯಲಿನಲ್ಲೇ ಮಾಡಿ. ಚೌಕಟ್ಟಿನೊಳಗಿನ ಸ್ಪ್ರಿಂಗ್ ಪಟ್ಟಿಯನ್ನು ಮಾತ್ರ ಈ ನೀರಿಗೂ ಹಾಕಬೇಡಿ, ವಿನೆಗರ್‌ಗೂ ಹಾಕಬೇಡಿ. ಗಡಸು ಉಕ್ಕು ಹೈಡ್ರೋಜನ್ ಹೀರಿ ಮುರುಕಲಾಗುತ್ತದೆ. ಅದನ್ನು ಎಣ್ಣೆ ಮತ್ತು ನುಣುಪಾದ ಉಕ್ಕಿನ ನಾರಿನಿಂದ ಉಜ್ಜಿದರೆ ಸಾಕು. ತೊಳೆದ ಕೂಡಲೇ ಒಣಗಿಸಿ ಮೇಣ ಹಚ್ಚದಿದ್ದರೆ ಹೊಸ ತುಕ್ಕು ಕಣ್ಣೆದುರೇ ಹಬ್ಬುತ್ತದೆ.

ಕಬ್ಬಿಣಪ್ರಿಯ: ಇಬ್ಬರಿಗೂ ಕೃತಜ್ಞತೆಗಳು. ಸರಿಪಡಿಸಿದ ಮೇಲೆ ಮನೆಯ ಪೈಪ್ ಕೆಲಸಕ್ಕೆ ಬಳಸಬಹುದೇ? ಹಿಡಿಗೆ ವಾರ್ನಿಷ್ ಹಾಕಲೇ?

ಉತ್ತರ 3: ಹಳೆಪಾನ

ಬಳಸುವ ಮುನ್ನ ದವಡೆಯ ಬಾಗಿನಲ್ಲಿಯೂ ಚೌಕಟ್ಟಿನ ಪಿನ್ನಿನ ಸುತ್ತಲೂ ಬಿರುಕುಗಳಿವೆಯೇ ಎಂದು ಪರೀಕ್ಷಿಸಿ. ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆದ್ದು ಬಿಳಿಯ ಪುಡಿಯಲ್ಲಿ ಕೂದಲಿನಂತಹ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಅದು ಕಪಾಟಿನ ವಸ್ತು. ಕಾಣದಿದ್ದರೂ ಹಿಡಿಗೆ ಪೈಪ್ ತೂರಿಸಿ ಉದ್ದ ಹೆಚ್ಚಿಸಿಕೊಂಡು ಎಳೆಯಬೇಡಿ. ಹಗುರ ಕೆಲಸಕ್ಕಷ್ಟೇ ಬಳಸಿ.

ವಾರ್ನಿಷ್ ಬೇಡ. ಹಿಡಿಯ ಕೊಳೆಯನ್ನು ಬಟ್ಟೆಯಿಂದ ತೆಗೆದು ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿ, ಮರುದಿನ ಮತ್ತೊಮ್ಮೆ ತಿಕ್ಕಿ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಹೊರಗೆ ಹರಡಿ ಒಣಗಿಸಿ. ಮುದ್ರೆ ಸ್ಪಷ್ಟವಾದ ಮೇಲೆ ಓರೆ ಬೆಳಕಿನಲ್ಲಿ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ, ಹೆಸರನ್ನು ಸೇರಿಯೇ ಓದೋಣ.